ರೆಸಿನ್ ಕೋಟ್ ಗಟ್ಟಿಯಾಗುತ್ತಿಲ್ಲವೇ? ಗೋಡೆ, ಇಟ್ಟಿಗೆಯಲ್ಲಿ ದೋಷ ಹುಡುಕುವ ಕ್ರಮ

ಗೋಡೆಗೆ ಬಳಿಯುವ ರೆಸಿನ್, ಅಂದರೆ ಬಳಿದ ಮೇಲೆ ಗಟ್ಟಿಯಾಗುವ ಅಂಟು ದ್ರವದ ಡಬ್ಬದ ಮೇಲೆ ‘24 ಗಂಟೆಗೆ ಎರಡನೇ ಕೋಟ್, 7 ದಿನಕ್ಕೆ ಪೂರ್ತಿ ಗಟ್ಟಿ’ ಎಂದು ಅಚ್ಚಾಗಿರುತ್ತದೆ. ಆ ಲೆಕ್ಕ 25 ಅಥವಾ 30 ಡಿಗ್ರಿ ಶಾಖದಲ್ಲಿ, ಒಣಗಿದ ಗೋಡೆಯ ಮೇಲೆ, ಹೇಳಿದಷ್ಟೇ ದಪ್ಪಕ್ಕೆ ಬಳಿದ ಕೋಟಿನದು. ಜನವರಿಯಲ್ಲಿ ಚಿಕ್ಕಬಳ್ಳಾಪುರದ ಮನೆಯೊಂದರ ಉತ್ತರ ಗೋಡೆಗೋ, ಅಕ್ಟೋಬರ್ ಮಳೆ ನಿಂತ ಎರಡನೇ ದಿನ ಮಾಲೂರು ಇಟ್ಟಿಗೆಯ ಕಾಂಪೌಂಡಿಗೋ ಅದೇ ಲೆಕ್ಕ ಹಿಡಿದರೆ ಕೆಲಸ ಕೆಡುತ್ತದೆ. ರೆಸಿನ್ ಗಡಿಯಾರ ನೋಡಿ ಗಟ್ಟಿಯಾಗುವುದಿಲ್ಲ. ಗೋಡೆಯ ಶಾಖ, ಗೋಡೆಯ ತೇವ, ಬೆರಕೆಯ ಅಳತೆ ಈ ಮೂರೂ ಸರಿಯಿದ್ದರೆ ಮಾತ್ರ ಗಟ್ಟಿಯಾಗುತ್ತದೆ.

ಅಂಟಂಟು ಉಳಿದ ಕೋಟಿನ ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚಿಬಿಡುವುದು ನಮ್ಮ ಕಡೆ ತುಂಬಾ ಸಾಮಾನ್ಯ, ತುಂಬಾ ದುಬಾರಿ ಕೂಡ. ಮೇಲಿನ ಕೋಟ್ ಎಷ್ಟೇ ಚೆನ್ನಾಗಿ ಗಟ್ಟಿಯಾದರೂ ಅಡಿಯಲ್ಲಿ ಮೆದು ಪದರ ಹಾಗೇ ಇರುತ್ತದೆ. ಮೊದಲ ಬೇಸಿಗೆಯಲ್ಲೇ ಎರಡೂ ಸೇರಿ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಕೆಳಗಿನ ಪರೀಕ್ಷೆಗಳು ಮುಗಿದು ಕಾರಣ ಗೊತ್ತಾಗುವ ತನಕ ಬ್ರಶ್ ಮುಟ್ಟಬೇಡಿ.

ಬಳಿದಿರುವುದು ಯಾವ ರೆಸಿನ್?

ಅಂಗಡಿಯಲ್ಲಿ ಎಲ್ಲದಕ್ಕೂ ‘ಕೋಟಿಂಗ್’ ಎಂದೇ ಹೆಸರು. ಆದರೆ ಗಟ್ಟಿಯಾಗುವ ಬಗೆ ಬೇರೆ ಬೇರೆ. ರೆಸಿನ್ ಮತ್ತು ಅದನ್ನು ಗಟ್ಟಿಗೊಳಿಸುವ ಹಾರ್ಡನರ್, ಹೀಗೆ ಎರಡು ಡಬ್ಬ ಬೆರೆಸಿ ಬಳಿಯುವ ಎಪಾಕ್ಸಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ: 30 ಡಿಗ್ರಿಯಲ್ಲಿ ಸಾಮಾನ್ಯವಾಗಿ 4–8 ಗಂಟೆಗೆ ಕೈಗೆ ಅಂಟುವುದು ನಿಲ್ಲುತ್ತದೆ, 12–24 ಗಂಟೆಗೆ ಮುಂದಿನ ಕೋಟ್, 7 ದಿನಕ್ಕೆ ಪೂರ್ತಿ. ಪಾಲಿಯುರೆಥೇನ್, ಅಂದರೆ ಪಿಯು, ಒಂದೇ ಡಬ್ಬದಲ್ಲಿ ಬಂದಿದ್ದರೆ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಎರಡು ಡಬ್ಬದ್ದಾದರೆ ಹಾರ್ಡನರ್‌ನಿಂದ. ನೀರು ಬೆರೆಸುವ ಅಕ್ರಿಲಿಕ್‌ನಲ್ಲಿ ರಾಸಾಯನಿಕ ಕ್ರಿಯೆ ಇಲ್ಲ: ನೀರು ಆರಿ, ಸಣ್ಣ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತದೆ. ಇಟ್ಟಿಗೆಗೆ ಹೊಡೆಯುವ ಸೈಲೇನ್–ಸೈಲಾಕ್ಸೇನ್ ಪೊರೆ ಕಟ್ಟುವುದೇ ಇಲ್ಲ, ರಂಧ್ರದೊಳಗೆ ಇಳಿದು ನೀರು ತಡೆಯುತ್ತದೆ. ಫೈಬರ್ ಹಾಸಿ ತೊಟ್ಟಿ ಒಳಗೆ ಬಳಿಯುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಬೆರೆಸುವುದು ಹಾರ್ಡನರ್ ಅಲ್ಲ, ಕ್ಯಾಟಲಿಸ್ಟ್.

ಈ ವ್ಯತ್ಯಾಸ ತಿಳಿಯದೆ ಇದ್ದರೆ ಪರೀಕ್ಷೆಯೂ ತಪ್ಪು ಉತ್ತರ ಕೊಡುತ್ತದೆ. ಹತ್ತಿಯನ್ನು ಅಸಿಟೋನ್‌ನಲ್ಲಿ ನೆನೆಸಿ ಕೋಟಿನ ಮೇಲೆ 20–25 ಸಲ ಒತ್ತಿ ಉಜ್ಜಿ ನೋಡುವುದು ಎಪಾಕ್ಸಿಗೆ ಒಳ್ಳೆಯ ಪರೀಕ್ಷೆ. ಹತ್ತಿಗೆ ಬಣ್ಣ ಬರದೆ, ಮೇಲ್ಮೈ ಮೆದುವಾಗದೆ ಇದ್ದರೆ ಗಟ್ಟಿಯಾಗಿದೆ ಎಂದರ್ಥ. ಇದೇ ಪರೀಕ್ಷೆಯನ್ನು ಅಕ್ರಿಲಿಕ್ ಮೇಲೆ ಮಾಡಿದರೆ ಎರಡು ವರ್ಷ ಹಳೆಯ ಒಳ್ಳೆಯ ಕೋಟೂ ಕರಗುತ್ತದೆ.

ದೋಷ ಗೋಡೆಯ ಯಾವ ಭಾಗದಲ್ಲಿದೆ?

ಇಡೀ ಗೋಡೆಯನ್ನು ಹೆಬ್ಬೆರಳಿನಿಂದ ಒಂದೊಂದು ಅಡಿಗೂ ಒತ್ತಿ ನೋಡಿ. ಮೆದು ಇರುವಲ್ಲಿ, ಗುಳ್ಳೆ ಇರುವಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಗೆರೆ ಎಳೆದು ಮುಗಿಸಿ ಹತ್ತು ಅಡಿ ಹಿಂದೆ ನಿಂತು ನೋಡಿದರೆ ಅರ್ಧ ಕಾರಣ ಅಲ್ಲೇ ಗೊತ್ತಾಗುತ್ತದೆ.

ಇಡೀ ಗೋಡೆ ಒಂದೇ ಸಮ ಅಂಟುತ್ತಿದ್ದರೆ ಅಳತೆ ತಪ್ಪಿದೆ, ಬೇರೆ ಹಾರ್ಡನರ್ ಬಿದ್ದಿದೆ ಅಥವಾ ಚಳಿ ಹೆಚ್ಚಾಗಿದೆ. ಅಲ್ಲಲ್ಲಿ ಪಟ್ಟೆ ಪಟ್ಟೆಯಾಗಿ ಅಂಟಿದರೆ ಬೆರಕೆ ಸಾಲದು: ಬಕೆಟ್ಟಿನ ಅಂಚಿಗೂ ತಳಕ್ಕೂ ಹತ್ತಿಕೊಂಡಿದ್ದ, ಹಾರ್ಡನರ್ ಸೇರದ ರೆಸಿನ್ ಕೊನೆಯಲ್ಲಿ ಕೆರೆದು ಬಳಿದಿರುತ್ತಾರೆ. ಅಂಥ ಪಟ್ಟೆ ಪ್ರತಿ ಬಕೆಟ್ಟಿನ ಕೆಲಸ ಮುಗಿದ ಜಾಗದಲ್ಲೇ ಬರುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ದೋಷ ಇದ್ದು, ಮೇಲೆ ಸರಿಯಾಗಿದ್ದರೆ ಪಾಯದಿಂದ ತೇವ ಏರುತ್ತಿದೆ. ಮೇಲಿನ ಒಂದು ಅಡಿಯಲ್ಲಿ ಮಾತ್ರವಾದರೆ ತಾರಸಿ ಅಥವಾ ಪ್ಯಾರಪೆಟ್ ಕಡೆ ನೋಡಿ. ಉತ್ತರದ ಗೋಡೆ ಅಂಟುತ್ತಿದ್ದು ದಕ್ಷಿಣದ್ದು ಸರಿಯಾಗಿದ್ದರೆ ಶಾಖದ ಪ್ರಶ್ನೆ. ಚಳಿಗಾಲದಲ್ಲಿ ಉತ್ತರ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಇಟ್ಟಿಗೆ ಗಟ್ಟಿಯಾಗಿದ್ದು ಸಂದಿನ ಗಾರೆಯ ಮೇಲೆ ಮಾತ್ರ ಮೆದು ಇದ್ದರೆ ಸಂದಿನಲ್ಲಿ ರೆಸಿನ್ ಮಡುಗಟ್ಟಿದೆ ಅಥವಾ ಗಾರೆ ಇನ್ನೂ ಹಸಿಯಾಗಿದೆ.

ಗುಳ್ಳೆ ಕಂಡರೆ ದಪ್ಪ ಸೂಜಿಯಿಂದ ಒಡೆದು ನೋಡಿ. ಒಳಗೆ ನೀರಿದ್ದರೆ ಪಿಎಚ್ ಪೇಪರ್ ತಾಗಿಸಿ: ಕಡು ನೀಲಿ ಬಂದರೆ ಅದು ಸಿಮೆಂಟಿನ ಕ್ಷಾರ ಹೊತ್ತು ಗೋಡೆಯೊಳಗಿನಿಂದ ಬಂದ ನೀರು. ಒಳಗೆ ಒಣಗಿದ್ದು, ಪೊರೆಯ ಹಿಂಬದಿ ಹೊಳೆಯುತ್ತಿದ್ದರೆ ಗಾಳಿ ಅಥವಾ ಥಿನ್ನರ್ ಸಿಕ್ಕಿಕೊಂಡಿದೆ. ಹಿಂಬದಿಗೆ ಸಿಮೆಂಟ್ ಪುಡಿ ಹತ್ತಿಕೊಂಡು ಬಂದರೆ ರೆಸಿನ್ನಿನ ತಪ್ಪೇನಿಲ್ಲ, ಗಾರೆಯ ಮೇಲ್ಪದರವೇ ಪೊಳ್ಳು.

ಟೈಲ್ ಚೂರಿನ ಪರೀಕ್ಷೆ

ತಪ್ಪು ಬೆರಕೆಯದೋ ಗೋಡೆಯದೋ ಎಂಬ ಜಗಳ ಮೇಸ್ತ್ರಿ, ಪೇಂಟರ್, ಅಂಗಡಿಯವರ ನಡುವೆ ಯಾವಾಗಲೂ ಇರುತ್ತದೆ. ಅದನ್ನು ತೀರ್ಮಾನಿಸಲು ಎರಡು ಹೊಳಪು ಟೈಲ್ ಚೂರು ಸಾಕು. ಪ್ರತಿ ಬಕೆಟ್ ಬೆರೆಸಿದಾಗಲೂ ಗೋಡೆಗೆ ಬಳಿಯುವಷ್ಟೇ ತೆಳುವಾಗಿ ಎರಡು ಚೂರಿಗೂ ಬಳಿದು, ಒಂದನ್ನು ಆ ಗೋಡೆಯ ಬುಡದಲ್ಲೇ, ಇನ್ನೊಂದನ್ನು ಮನೆಯೊಳಗೆ ಬೆಚ್ಚಗಿರುವ ಜಾಗದಲ್ಲಿ ಇಡಿ. ಬಕೆಟ್ ಸಂಖ್ಯೆ, ಹೊತ್ತು ಬರೆದಿಡಿ.

ಎರಡೂ ಚೂರು ಅಂಟುತ್ತಿದ್ದರೆ ಬೆರಕೆ ತಪ್ಪಿದೆ. ಒಳಗಿನದು ಗಟ್ಟಿಯಾಗಿ ಗೋಡೆ ಬುಡದ್ದು ಅಂಟುತ್ತಿದ್ದರೆ ಚಳಿ ಅಥವಾ ಇಬ್ಬನಿ. ಎರಡೂ ಗಟ್ಟಿಯಾಗಿ ಗೋಡೆ ಮಾತ್ರ ಅಂಟುತ್ತಿದ್ದರೆ ಗೋಡೆಯ ತೇವ. ಬಕೆಟ್ಟಿನಲ್ಲಿ ಉಳಿದ ರೆಸಿನ್ ಕಲ್ಲಾಗಿದೆ ಎಂದು ತೋರಿಸಿ ‘ಬೆರಕೆ ಸರಿಯಾಗಿಯೇ ಇತ್ತು’ ಎನ್ನುವುದು ಸರಿಯಾದ ಸಾಕ್ಷಿ ಅಲ್ಲ. ರಾಶಿಯಾಗಿರುವ ರೆಸಿನ್ ತನ್ನದೇ ಶಾಖದಲ್ಲಿ ಬೇಗ ಗಟ್ಟಿಯಾಗುತ್ತದೆ. ಗೋಡೆಯ ಮೇಲಿನ ತೆಳು ಪದರಕ್ಕೆ ಆ ಶಾಖ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ದೋಷ ಕಂಡಿದ್ದರೂ ತಡವಾಗಿಲ್ಲ: ಅದೇ ಡಬ್ಬಗಳಲ್ಲಿ ಉಳಿದದ್ದನ್ನು ಸರಿಯಾಗಿ ಅಳೆದು ಬೆರೆಸಿ ಇದೇ ಪರೀಕ್ಷೆ ಮಾಡಬಹುದು.

ಬೆರಕೆಯಲ್ಲಿ ತಪ್ಪುವುದು ಎಲ್ಲಿ

ಎಪಾಕ್ಸಿಯಲ್ಲಿ ರೆಸಿನ್ನಿನ ಇಷ್ಟು ಅಣುವಿಗೆ ಹಾರ್ಡನರ್‌ನ ಇಷ್ಟೇ ಅಣು ಎಂಬ ಲೆಕ್ಕವಿದೆ. ಹಾರ್ಡನರ್ ಕಡಿಮೆಯಾದರೆ ರೆಸಿನ್ ಉಳಿಯುತ್ತದೆ, ಹೆಚ್ಚಾದರೆ ಹಾರ್ಡನರ್ ಉಳಿಯುತ್ತದೆ. ಎರಡರಲ್ಲೂ ಪೊರೆ ಮೆದು. ‘ಚಳಿಗೆ ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ’ ಎಂಬ ಸಲಹೆ ಬಂದಿರುವುದು ಫೈಬರ್ ಕೆಲಸದಿಂದ. ಪಾಲಿಯೆಸ್ಟರ್‌ಗೆ ಹಾಕುವ ಎಂಇಕೆಪಿ ಕ್ಯಾಟಲಿಸ್ಟನ್ನು 1 ಕಿಲೋಗೆ 10 ಮಿ.ಲೀ.ನಿಂದ 20 ಮಿ.ಲೀ.ವರೆಗೆ ಹವೆ ನೋಡಿ ಏರಿಸಬಹುದು, ಏಕೆಂದರೆ ಅದು ಕ್ರಿಯೆಯನ್ನು ಶುರು ಮಾಡಿಸುತ್ತದೆ ಅಷ್ಟೇ. ಎಪಾಕ್ಸಿಯ ಹಾರ್ಡನರ್ ಪೊರೆಯ ಮೈಯ ಭಾಗವಾಗಿ ಒಳಗೇ ಉಳಿಯುವ ಪದಾರ್ಥ. ಅಲ್ಲಿನ ರೂಢಿಯನ್ನು ಇಲ್ಲಿಗೆ ತರಬೇಡಿ. ಪಾಲಿಯೆಸ್ಟರ್ ಬಳಸುವವರಿಗೆ ಒಂದು ಮಾತು: ಕ್ರಿಯೆಯ ವೇಗ ಹೆಚ್ಚಿಸುವ ಕೋಬಾಲ್ಟ್ ಆಕ್ಸಿಲರೇಟರನ್ನು ಎಂಇಕೆಪಿ ಜೊತೆ ನೇರವಾಗಿ ಎಂದೂ ಬೆರೆಸಬಾರದು, ಸ್ಫೋಟವಾಗುತ್ತದೆ. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಇನ್ನೊಂದು ತಪ್ಪು ತಕ್ಕಡಿಯದು. ಡಬ್ಬದ ಮೇಲೆ ‘2:1’ ಎಂದಿದ್ದರೆ ಅದು ಲೀಟರಿನ ಲೆಕ್ಕವೋ ಕಿಲೋ ಲೆಕ್ಕವೋ ನೋಡಿ. ಲೀಟರಿಗೆ 1.15 ಕಿಲೋ ತೂಗುವ ರೆಸಿನ್, 0.98 ಕಿಲೋ ತೂಗುವ ಹಾರ್ಡನರ್ ತೆಗೆದುಕೊಳ್ಳಿ. ಅಳತೆಯಲ್ಲಿ 2:1 ಎಂದರೆ ತೂಕದಲ್ಲಿ 100 ಗ್ರಾಂಗೆ ಸುಮಾರು 43 ಗ್ರಾಂ. ಅದನ್ನೇ ತಕ್ಕಡಿಯಲ್ಲಿ 100ಕ್ಕೆ 50 ಎಂದು ತೂಗಿದರೆ ಹಾರ್ಡನರ್ ಶೇ 17ರಷ್ಟು ಹೆಚ್ಚು ಬೀಳುತ್ತದೆ. ಗೋಡೆ ಅಂಟಂಟಾಗಿ ಉಳಿಯಲು ಇಷ್ಟು ಸಾಕು.

ಕಲಸುವ ಕ್ರಮ ಹೀಗಿರಲಿ. ಬಣ್ಣದ ರೆಸಿನ್ ಆದರೆ ಮೊದಲು ಅದೊಂದನ್ನೇ ತಳದ ಗಸಿ ಪೂರ್ತಿ ಮೇಲೇಳುವಂತೆ ತಿರುವಿ. ಹಾರ್ಡನರ್ ಸುರಿದು, ಡ್ರಿಲ್ಲಿಗೆ ಹಾಕಿದ ಕಡ್ಡಿಯಿಂದ ನಿಧಾನ ವೇಗದಲ್ಲಿ, ನಿಮಿಷಕ್ಕೆ 300–400 ಸುತ್ತು, 3 ನಿಮಿಷ ತಿರುವಿ. ಮಧ್ಯೆ ನಿಲ್ಲಿಸಿ ಅಂಚು, ತಳ ಕೆರೆಯಿರಿ. ಆಮೇಲೆ ಎಲ್ಲವನ್ನೂ ಇನ್ನೊಂದು ಚೊಕ್ಕ ಬಕೆಟ್ಟಿಗೆ ಸುರಿದು ಮತ್ತೆ 1 ನಿಮಿಷ. ಪಟ್ಟೆ ಪಟ್ಟೆ ದೋಷ ಈ ಎರಡನೇ ಬಕೆಟ್ಟಿನಿಂದಲೇ ಬಹುಮಟ್ಟಿಗೆ ಹೋಗುತ್ತದೆ. ಮೊದಲ ಬಕೆಟ್ಟನ್ನು ಕೆರೆದು ಗೋಡೆಗೆ ಬಳಿಯಬೇಡಿ, ಆ ಐವತ್ತು ಗ್ರಾಂ ಹೋದರೆ ಹೋಗಲಿ.

ಥಿನ್ನರ್ ಬೇಕಿದ್ದರೆ ಎರಡೂ ಭಾಗ ಕಲಸಿದ ಮೇಲೆ, ಶೇ 5–10ಕ್ಕಿಂತ ಮೀರದಂತೆ. ಥಿನ್ನರ್ ಇರುವ, ಹಾರ್ಡನರ್ ಪಾಲಿಅಮೈಡ್ ಬಗೆಯದಾದ ಎಪಾಕ್ಸಿಯಾದರೆ ಕಲಸಿ 15–20 ನಿಮಿಷ ಸುಮ್ಮನೆ ಬಿಟ್ಟು ಆಮೇಲೆ ಬಳಿಯಬೇಕು. ಚಳಿಗಾಲದಲ್ಲಿ ಇದನ್ನು ಬಿಟ್ಟರೆ ಮುಂದೆ ಹೇಳುವ ಮೇಣದ ಪೊರೆ ಬೇಗ ಏಳುತ್ತದೆ. ಥಿನ್ನರ್ ಇಲ್ಲದ ಎಪಾಕ್ಸಿಗೆ ಈ ಕಾಯುವಿಕೆ ಬೇಡ. 1 ಕಿಲೋ ಬಕೆಟ್ಟಿನಲ್ಲೇ ಇದ್ದರೆ 30–40 ನಿಮಿಷಕ್ಕೆ ಬಿಸಿಯಾಗಿ ಕೆಡುತ್ತದೆ, ಏಪ್ರಿಲ್‌ನಲ್ಲಿ ಇನ್ನೂ ಬೇಗ. ಅಗಲ ತಟ್ಟೆಗೆ ಸುರಿದುಕೊಂಡರೆ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ನೀರು ಬೆರೆಸುವ ಎಪಾಕ್ಸಿಯಲ್ಲಿ ಒಂದು ಮೋಸವಿದೆ: ಹೊತ್ತು ಮೀರಿದರೂ ಅನೇಕ ಸಲ ಅದು ಗಟ್ಟಿಯಾದಂತೆ ಕಾಣುವುದಿಲ್ಲ, ಬ್ರಶ್ಶಿಗೆ ಸಲೀಸಾಗಿ ಬರುತ್ತದೆ, ಆದರೆ ಪೊರೆಗೆ ಬಲವಿರುವುದಿಲ್ಲ. ಅದಕ್ಕೆ ಗಡಿಯಾರವೇ ಗತಿ.

ದಪ್ಪವನ್ನೂ ಲೆಕ್ಕ ಹಾಕಿ. ಶೇ 50 ಘನಾಂಶದ (ಒಣಗಿದ ಮೇಲೆ ಅರ್ಧ ಭಾಗ ಉಳಿಯುವ) ಎಪಾಕ್ಸಿ ಒಣಗಿ 50 ಮೈಕ್ರಾನ್ ಉಳಿಯಬೇಕಾದರೆ 1 ಲೀಟರ್ 10 ಚದರ ಮೀಟರಿಗೆ, ಅಂದರೆ ಸುಮಾರು 107 ಚದರಡಿಗೆ ಬರಬೇಕು. ನಯವಾದ ಗಾರೆಯ ಮೇಲೆ 50 ಚದರಡಿಗೇ ಮುಗಿದಿದ್ದರೆ ಎರಡರಷ್ಟು ದಪ್ಪ ಹೊಡೆದಿದ್ದಾರೆ. ಮೇಲೆ ಚರ್ಮ ಕಟ್ಟಿ ಥಿನ್ನರ್ ಒಳಗೇ ಉಳಿದು, ಉಗುರು ಒತ್ತಿದರೆ ವಾರ ಕಳೆದರೂ ಗುರುತು ಬೀಳುತ್ತದೆ. ಹೀರುವ ಇಟ್ಟಿಗೆಯಲ್ಲಿ ಮೊದಲ ಕೋಟಿಗೆ 50 ಚದರಡಿ ಸಹಜ.

ಚಳಿ, ಇಬ್ಬನಿ, ಮೇಣದ ಪೊರೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅತಿ ಹೆಚ್ಚು ಕೆಲಸ ಕೆಡುವುದು ಇಲ್ಲಿ. ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದ ಸೀಮೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 13–15 ಡಿಗ್ರಿಗೆ ಇಳಿಯುವುದು ಸಾಮಾನ್ಯ, ನಂದಿಬೆಟ್ಟದ ತಪ್ಪಲಲ್ಲಿ ಮಂಜೂ ಸೇರುತ್ತದೆ. ಹಗಲು 27 ಡಿಗ್ರಿ ಇರುವುದರಿಂದ ‘ಒಳ್ಳೆ ಬಿಸಿಲಿದೆ’ ಎಂದು ಮಧ್ಯಾಹ್ನ 3–4ಕ್ಕೆ ಬಳಿಯಲು ಶುರು ಮಾಡುತ್ತಾರೆ. ಅಲ್ಲೇ ಎಡವುವುದು.

ಶಾಖ 10 ಡಿಗ್ರಿ ಇಳಿದರೆ ಎಪಾಕ್ಸಿ ಗಟ್ಟಿಯಾಗುವ ಹೊತ್ತು ಸುಮಾರು ಎರಡರಷ್ಟಾಗುತ್ತದೆ. 10 ಡಿಗ್ರಿಯ ಕೆಳಗೆ ಸಾಮಾನ್ಯ ಹಾರ್ಡನರ್‌ಗಳ ಕೆಲಸ ಬಹುತೇಕ ನಿಂತೇಹೋಗುತ್ತದೆ. 30 ಡಿಗ್ರಿಯಲ್ಲಿ 6 ಗಂಟೆಗೆ ಅಂಟು ಬಿಡುವ ಕೋಟಿಗೆ 20 ಡಿಗ್ರಿಯಲ್ಲಿ 12 ಗಂಟೆ ಬೇಕು. ಸಂಜೆ 4ಕ್ಕೆ ಬಳಿದದ್ದು ಬೆಳಗಿನ ಜಾವ 4ರವರೆಗೂ ಹಸಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ಇಬ್ಬನಿ ಇಳಿದಿರುತ್ತದೆ.

ಇಬ್ಬನಿ ಯಾವಾಗ ಬೀಳುತ್ತದೆ ಎಂದು ಮೊದಲೇ ತಿಳಿಯಬಹುದು. ಗಾಳಿಯ ಶಾಖ ಮತ್ತು ಆರ್ದ್ರತೆ ನೋಡಿ. ನೂರರಲ್ಲಿ ಆರ್ದ್ರತೆಯನ್ನು ಕಳೆದು ಐದರಿಂದ ಭಾಗಿಸಿ. ಬಂದದ್ದನ್ನು ಗಾಳಿಯ ಶಾಖದಿಂದ ಕಳೆಯಿರಿ. ಸಂಜೆ 7ಕ್ಕೆ 20 ಡಿಗ್ರಿ, ಆರ್ದ್ರತೆ ಶೇ 80 ಇದ್ದರೆ: 100ರಲ್ಲಿ 80 ಕಳೆದು 20, ಐದರಿಂದ ಭಾಗಿಸಿ 4, ಉತ್ತರ 16 ಡಿಗ್ರಿ. ಗೋಡೆಯ ಮೈ 16ಕ್ಕೆ ಇಳಿದ ಕೂಡಲೇ ಅದರ ಮೇಲೆ ನೀರು ಕೂರುತ್ತದೆ. ಬಳಿಯುವಾಗಲೂ, ಅಂಟು ಬಿಡುವ ತನಕವೂ ಗೋಡೆ ಈ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಈ ಸರಳ ಲೆಕ್ಕ ಆರ್ದ್ರತೆ ಶೇ 50ಕ್ಕಿಂತ ಹೆಚ್ಚಿರುವಾಗ ಮಾತ್ರ ಸರಿ ಬರುತ್ತದೆ, ನಮಗೆ ಬೇಕಾಗುವುದೂ ಆಗಲೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ತೂಗುಹಾಕುವ ಒಣ–ತೇವ ಬಲ್ಬಿನ ಥರ್ಮಾಮೀಟರ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಗೋಡೆಯ ಶಾಖಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಗಾಳಿಯ ಶಾಖವನ್ನೇ ಗೋಡೆಯದೆಂದು ಹಿಡಿಯಬೇಡಿ.

ತಣ್ಣನೆಯ, ತೇವದ ಗಾಳಿಯಲ್ಲಿ ಹಾರ್ಡನರ್‌ನಲ್ಲಿರುವ ಅಮೀನ್ ಎಂಬ ಅಂಶ, ರೆಸಿನ್ನಿನ ಜೊತೆ ಕೂಡುವ ಬದಲು ಮೇಲ್ಮೈಗೆ ಬಂದು ಗಾಳಿಯ ತೇವ ಹಾಗೂ ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿ ಕಾರ್ಬಮೇಟ್ ಆಗುತ್ತದೆ. ಮೇಣದ ಪೊರೆ ಎಂದರೆ ಇದೇ. ಬೆಳಿಗ್ಗೆ ಕೈಯಾಡಿಸಿದರೆ ಮೇಣದ ಬತ್ತಿ ಉಜ್ಜಿದ ಹಾಗೆ ಜಾರುತ್ತದೆ, ಹೊಳಪು ಮಾಸಿ ಅಲ್ಲಲ್ಲಿ ಬಿಳಿಚಿಕೊಂಡಿರುತ್ತದೆ. ಅನೇಕರು ಇದನ್ನು ‘ಇನ್ನೂ ಒಣಗಿಲ್ಲ’ ಎಂದು ಕಾಯುತ್ತಾರೆ. ಎಷ್ಟು ದಿನ ಕಾದರೂ ಅದು ಹೋಗುವುದಿಲ್ಲ. ಇನ್ನು ಕೆಲವರು ನೇರ ಎಮರಿ ಪೇಪರ್ ಹಿಡಿಯುತ್ತಾರೆ. ಆಗ ಪೊರೆ ಹೋಗದೆ ಗೀರುಗಳೊಳಗೆ ಹರಡಿಕೊಂಡು, ಮೇಲಿನ ಕೋಟ್ ಹಿಡಿಯುವುದೇ ಇಲ್ಲ.

ಅದೃಷ್ಟಕ್ಕೆ ಈ ಪೊರೆ ನೀರಿಗೆ ಕರಗುತ್ತದೆ. ಅಡಿಯ ಕೋಟ್ ಉಗುರಿಗೆ ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಮೇಲಿನಿಂದ ಕೆಳಕ್ಕೆ ತಿಕ್ಕಿ, ಬಟ್ಟೆಯಿಂದ ಒರೆಸಿ, ನೀರು ಬದಲಿಸಿ ಮತ್ತೊಮ್ಮೆ. ಒಣಗಿದ ಮೇಲೆ 120 ಅಥವಾ 150 ನಂಬರಿನ ಎಮರಿ ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿ, ಧೂಳು ಒರೆಸಿ, ಬಿಸಿಲೇರಿದ ಮೇಲೆ ಮುಂದಿನ ಕೋಟ್. ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಿಗ್ಗೆ ಗೋಡೆಯ ಪಸೆ ಆರಿದ ಮೇಲೆ, ಸುಮಾರು 10ಕ್ಕೆ ಶುರು ಮಾಡಿ ಆದಷ್ಟು 12ರೊಳಗೆ ಮುಗಿಸಿ. 25 ಡಿಗ್ರಿಯಲ್ಲಿ ಸುಮಾರು ಎಂಟೂವರೆ ಗಂಟೆ ಬೇಕು, 10ಕ್ಕೆ ಬಳಿದದ್ದು ಆರೂವರೆಗೆ ಅಂಟು ಬಿಟ್ಟಿರುತ್ತದೆ. ಇಬ್ಬನಿ ಆಮೇಲೆ ಬಿದ್ದರೂ ಹಾನಿ ಕಡಿಮೆ. ಪೂರ್ತಿ ಗಟ್ಟಿಯಾಗಲು ಇಲ್ಲಿ 7 ದಿನ ಸಾಲದು. ಹಗಲು–ರಾತ್ರಿ ಸೇರಿ ಸರಾಸರಿ 20 ಡಿಗ್ರಿ ಇದ್ದರೆ 14 ದಿನ ಲೆಕ್ಕ ಹಾಕಿ.

ಅಳತೆ ಸರಿಯಿದ್ದು ಚಳಿಗೆ ಮಾತ್ರ ನಿಧಾನವಾಗಿದ್ದರೆ ಕೆರೆದು ತೆಗೆಯುವ ಅಗತ್ಯವಿಲ್ಲ, ಶಾಖ ಕೊಟ್ಟರೆ ಮುಂದುವರಿಯುತ್ತದೆ. ಕೋಣೆ ಮುಚ್ಚಿ, ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ, ವಿದ್ಯುತ್ ಹೀಟರ್ ಅಥವಾ ಮೂರು ಅಡಿ ದೂರದಿಂದ 500 ವ್ಯಾಟ್ ಹ್ಯಾಲೋಜನ್ ದೀಪ ಇಟ್ಟು ಗೋಡೆಯನ್ನು 25–30 ಡಿಗ್ರಿಯಲ್ಲಿ ಒಂದೆರಡು ದಿನ ಹಿಡಿಯಿರಿ. ಬಾಂಡಲಿಯಲ್ಲಿ ಕೆಂಡ ಇಡುವುದು ಬೇಡವೇ ಬೇಡ: ಅದರ ಹೊಗೆಯ ಇಂಗಾಲದ ಡೈಆಕ್ಸೈಡೇ ಮೇಣದ ಪೊರೆಗೆ ಆಹಾರ, ಜೊತೆಗೆ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವು.

ಬೇಸಿಗೆಯ ಸೂಜಿರಂಧ್ರ

ಇದು ಉಲ್ಟಾ ದೋಷ. ಇಟ್ಟಿಗೆಯ ರಂಧ್ರದ ತುಂಬ ಗಾಳಿ. ಬೆಳಿಗ್ಗೆ ಬಳಿದರೆ ಬಿಸಿಲೇರಿದಂತೆ ಆ ಗಾಳಿ ಹಿಗ್ಗಿ, ಹಸಿ ರೆಸಿನ್ ಸೀಳಿ ಹೊರಬರುತ್ತದೆ. ಸಾವಿರಾರು ಸೂಜಿರಂಧ್ರ ಉಳಿಯುತ್ತವೆ. ಮಾರ್ಚ್‌ನಿಂದ ಮೇವರೆಗೆ ಗೋಡೆ ತಣ್ಣಗಾಗುತ್ತಿರುವ ಹೊತ್ತಿನಲ್ಲಿ ಬಳಿಯಬೇಕು, ಆಗ ಒಳಗಿನ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪೂರ್ವದ ಗೋಡೆಗೆ ಸಂಜೆ 4ರ ನಂತರ ಸರಿಹೋಗುತ್ತದೆ. ಪಶ್ಚಿಮದ್ದು ಆ ಹೊತ್ತಿಗೆ 50 ಡಿಗ್ರಿ ದಾಟಿರಬಹುದು. ತರಕಾರಿ ತೋಟಕ್ಕೆ ಕಟ್ಟುವ ಹಸಿರು ನೆರಳು ಪರದೆಯನ್ನು ಹಿಂದಿನ ದಿನವೇ ಇಳಿಬಿಟ್ಟು, ಮೈ 40ರ ಒಳಗೆ ಬಂದ ಮೇಲೆ ಬಳಿಯಿರಿ. ರಂಧ್ರ ಬಿದ್ದಾಗಿದ್ದರೆ ದಪ್ಪ ಕೋಟಿನಿಂದ ಮುಚ್ಚಲು ನೋಡಬೇಡಿ, ಅದೇ ಜಾಗದಲ್ಲಿ ಮತ್ತೆ ಏಳುತ್ತವೆ. ಉಜ್ಜಿ, ಎಪಾಕ್ಸಿ ಪುಟ್ಟಿಯನ್ನು ಪಟ್ಟಿಯಿಂದ ಬಿಗಿಯಾಗಿ ಎಳೆದು ತುಂಬಿ, ಆಮೇಲೆ ಕೋಟ್.

ಗೋಡೆಯ ತೇವ, ಉಪ್ಪು

ಹೊಸ ಗಾರೆಗೆ 28 ದಿನ ಎನ್ನುವುದು ಸಿಮೆಂಟಿನ ಬಲದ ಲೆಕ್ಕ. ಒಣಗುವುದಕ್ಕೆ ಅಷ್ಟು ಸಾಲದೇ ಇರಬಹುದು. ನೋಡುವ ವಿಧಾನ: 18 ಇಂಚು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ನೆಲದಿಂದ ಒಂದು ಅಡಿಗೆ, ನಾಲ್ಕು ಅಡಿಗೆ, ಸಂಪಿನ ಅಥವಾ ಬಚ್ಚಲಿನ ಪಕ್ಕದಲ್ಲಿ ಹೀಗೆ ಮೂರು ಕಡೆ. ಒಳಗೆ ಹನಿ ಕಟ್ಟಿದರೆ, ಗೋಡೆ ಕಪ್ಪಾದರೆ ಪೊರೆ ಕಟ್ಟುವ ಯಾವ ರೆಸಿನ್ನಿಗೂ ಆ ಗೋಡೆ ತಯಾರಾಗಿಲ್ಲ.

ಇಟ್ಟಿಗೆ ಎಷ್ಟು ಹೀರುತ್ತದೆ ಎಂದೂ ತಿಳಿದಿರಲಿ. ಒಣ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿ. 3 ಕಿಲೋ ಇದ್ದದ್ದು 3.6 ಆದರೆ ಶೇ 20. ಭಾರತೀಯ ಮಾನಕ 1077 ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆಗೆ ಇಟ್ಟ ಮಿತಿಯೂ ಇದೇ. ಅದನ್ನು ಮೀರುವ ನಾಡ ಇಟ್ಟಿಗೆ ಮಳೆಗಾಲದ ನೀರನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಈ ಭಾಗದಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಜೋರು, ದೀಪಾವಳಿಗೆ ಮುಂಚೆ ಬಣ್ಣ ಮುಗಿಯಬೇಕೆಂಬ ಅವಸರವೂ ಆಗಲೇ. ಹಾಲೋ ಬ್ಲಾಕ್ ಗೋಡೆಯಾದರೆ ಹೊರಗೆ ಒಣಗಿದಂತೆ ಕಂಡರೂ ಒಳಗಿನ ಪೊಳ್ಳಿನಲ್ಲಿ ನೀರು ನಿಂತಿರಬಹುದು. ಕೆಳಗಿನ ವರಸೆಯ ಸಂದಿನಲ್ಲಿ 6 ಮಿ.ಮೀ. ರಂಧ್ರ ಕೊರೆದು ನೋಡಿ.

ಕೊಳವೆ ಬಾವಿಯ ಗಡಸು ನೀರಲ್ಲಿ ಕಲಸಿದ ಗಾರೆ, ಸರಿಯಾಗಿ ಸುಡದ ಇಟ್ಟಿಗೆ ಸೇರಿದರೆ ಗೋಡೆ ಉಪ್ಪು ಕಾರುತ್ತದೆ. ಅದರ ಮೇಲೆ ಪೊರೆ ಕಟ್ಟಿದರೆ ಉಪ್ಪು ಪೊರೆಯ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಕಿತ್ತು ಬೀಳಿಸುತ್ತದೆ. ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಒಳಗೆ ಹೋಗುತ್ತದೆ. ತೆಂಗಿನ ನಾರಿನ ಬ್ರಶ್ಶಿನಿಂದ ಒಣದಾಗಿಯೇ ಉದುರಿಸಿ, ಗುಡಿಸಿ ಎತ್ತಿಹಾಕಿ, ಎರಡು ವಾರ ಬಿಟ್ಟು ಮತ್ತೆ ನೋಡಿ. ಕಾರುವುದು ನಿಲ್ಲದಿದ್ದರೆ ನೀರಿನ ದಾರಿ ಮುಚ್ಚುವುದೇ ಮೊದಲ ಕೆಲಸ. ಅಂಥ ಗೋಡೆಗೆ ಎಪಾಕ್ಸಿ ಬೇಡ. ಉಸಿರಾಡುವ ಸೈಲಾಕ್ಸೇನ್ ಸಾಕು, ಅದೂ ಉಪ್ಪು ನಿಂತ ಮೇಲೆ.

ಪಕ್ಕದ ಗೋಡೆಯ ಹೊಸ ಗಾರೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುವವರಿಗೆ ರೆಸಿನ್ ಗೋಡೆಯನ್ನು ತೋರಿಸಿ ಹೇಳಿಬಿಡಿ. ಪೈಪು ಒಂದು ಸಲ ಈಚೆ ತಿರುಗಿದರೂ ಹಸಿ ಎಪಾಕ್ಸಿಯಲ್ಲಿ ಬಿಳಿ ಮಚ್ಚೆ ಬೀಳುತ್ತದೆ.

ಉಳಿದ ರೆಸಿನ್‌ಗಳ ದೋಷ

ಪಿಯು ತೇವದ ಗೋಡೆಯ ಮೇಲೆ ಬಿದ್ದರೆ ಅದರಲ್ಲಿರುವ ಐಸೊಸಯನೇಟ್ ಎಂಬ ಅಂಶ ನೀರಿನ ಜೊತೆ ಕೂಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕೋಟ್ ತುಂಬ ಸಣ್ಣ ಗುಳ್ಳೆ. ಒಂದೇ ಡಬ್ಬದ ಪಿಯು ಮಾತ್ರ ಏಪ್ರಿಲ್‌ನ ಒಣ ಮಧ್ಯಾಹ್ನದಲ್ಲಿ ತೇವ ಸಿಗದೆ ನಿಧಾನವಾಗುತ್ತದೆ. ಸಂಜೆ ಬಳಿದರೆ ಸರಿಹೋಗುತ್ತದೆ, ದಪ್ಪ ಮಾತ್ರ ಮೀರಬಾರದು. ಅಕ್ರಿಲಿಕ್‌ಗೆ 24 ಗಂಟೆಯೊಳಗೆ ಮಳೆ ಬಿದ್ದರೆ ಕಂದು, ಜಿಡ್ಡು ಗೆರೆ ಇಳಿಯುತ್ತವೆ. ಅದು ಸಾಬೂನಿನಂಶ ಹೊರಬಂದದ್ದು, ಪೊರೆ ಗಟ್ಟಿಯಾದ ಮೇಲೆ ನೀರಲ್ಲಿ ಒರೆಸಿದರೆ ಹೋಗುತ್ತದೆ. ಇಟ್ಟಿಗೆಗೆ ಹೊಳಪು ಕೊಡುವ, ನೀರಿನ ಬದಲು ಥಿನ್ನರ್ ಇರುವ ಅಕ್ರಿಲಿಕ್ ಮಬ್ಬಾಗಿ ಬಿಳಿಚಿಕೊಂಡರೆ ಅಡಿಯಲ್ಲಿ ತೇವ ಸಿಕ್ಕಿದೆ. ಒಣ ದಿನ ನೋಡಿ ಸಣ್ಣ ಜಾಗದಲ್ಲಿ ಕ್ಸೈಲೀನ್ ತೆಳುವಾಗಿ ಬಳಿಯಿರಿ. ಪೊರೆ ಮತ್ತೆ ಕರಗಿ ತೇವ ಬಿಟ್ಟು ತಿಳಿಯಾಗುತ್ತದೆ. ಬೆಂಕಿ, ಬೀಡಿ ಹತ್ತಿರ ಇರಬಾರದು.

ಸೈಲಾಕ್ಸೇನ್‌ನ ಎರಡನೇ ಕೋಟನ್ನು ಮೊದಲನೆಯದು ಹಸಿಯಿರುವಾಗಲೇ ಹೊಡೆಯಬೇಕು. ಮರುದಿನ ಹೊಡೆದರೆ ಮೊದಲ ಕೋಟೇ ಅದನ್ನು ತಳ್ಳಿ, ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಪಾಲಿಯೆಸ್ಟರ್ ಒಳಗೆ ಗಟ್ಟಿಯಾಗಿ ಮೇಲ್ಮೈ ಮಾತ್ರ ಅಂಟಿದರೆ ಗಾಳಿಯ ಆಮ್ಲಜನಕ ಕ್ರಿಯೆಯನ್ನು ತಡೆದಿದೆ; ಅಸಿಟೋನ್‌ನಲ್ಲಿ ಒರೆಸಿ, ಮೇಣ ಸೇರಿದ ಕೊನೆಯ ಕೋಟ್ ಹಾಕಿ.

ಕೆರೆದು ತೆಗೆಯಬೇಕಾದಾಗ

ಟೈಲ್ ಪರೀಕ್ಷೆಯಲ್ಲಿ ಅಳತೆ ತಪ್ಪಿದೆ ಎಂದು ಖಚಿತವಾದರೆ ಎಷ್ಟು ಶಾಖ ಕೊಟ್ಟರೂ ಪ್ರಯೋಜನವಿಲ್ಲ, ಮೇಲೆ ಹಾರ್ಡನರ್ ಸವರಿದರೂ ಇಲ್ಲ. ಪುಟ್ಟಿ ಪಟ್ಟಿಯಿಂದ ಆದಷ್ಟು ಕೆರೆದು, ಉಳಿದದ್ದನ್ನು ಅಸಿಟೋನ್ ಅಥವಾ ಎಪಾಕ್ಸಿ ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಒರೆಸುವ ಬಟ್ಟೆ ಬದಲಿಸುತ್ತಾ ಇರಿ, ಇಲ್ಲದಿದ್ದರೆ ಜಿಡ್ಡು ಗೋಡೆಯ ತುಂಬ ಹರಡುತ್ತದೆ. ಒಂದು ದಿನ ಗಾಳಿಯಾಡಿಸಿ, 60–80 ನಂಬರಿನ ಪೇಪರಿನಿಂದ ಉಜ್ಜಿ ಹೊಸದಾಗಿ ಪ್ರೈಮರಿನಿಂದ ಶುರು ಮಾಡಿ. ಹಸಿ ರೆಸಿನ್ ಮುಟ್ಟುವಾಗ ನೈಟ್ರೈಲ್ ಕೈಗವಸು ಇರಲೇಬೇಕು. ಹಾರ್ಡನರ್ ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿಸಿದರೆ ಜೀವಮಾನವಿಡೀ ಬಿಡದು. ಅರೆಗಟ್ಟಿ ಕೋಟನ್ನು ಮೆಷಿನ್ನಿನಿಂದ ಉಜ್ಜಿ ಧೂಳೆಬ್ಬಿಸುವುದೂ ಬೇಡ.

ಬಳಕೆಗೆ ಬಿಡುವ ಮುನ್ನ

ಕೈಗೆ ಅಂಟದಿರುವುದು ಬೇರೆ, ಬಳಕೆಗೆ ತಯಾರಾಗಿರುವುದು ಬೇರೆ. ಕುಡಿಯುವ ನೀರಿನ ಸಂಪಿಗೆ ಅದಕ್ಕೆಂದೇ ಪ್ರಮಾಣೀಕರಿಸಿದ ಎಪಾಕ್ಸಿ ಬಳಿದು, ಕನಿಷ್ಠ 7 ದಿನ, ಚಳಿಯಲ್ಲಿ 14 ದಿನ ಬಿಟ್ಟು, ತೊಳೆದು ಮೊದಲ ನೀರು ಚೆಲ್ಲಿ ಆಮೇಲೆ ತುಂಬಿಸಿ. ಸಂಪು ಮುಚ್ಚಿದ ಜಾಗ, ಬಾಯಿ ತೆರೆದಿಟ್ಟು ಫ್ಯಾನ್ ಹಾಕದಿದ್ದರೆ ಥಿನ್ನರ್ ಆವಿ ತಳದಲ್ಲೇ ನಿಲ್ಲುತ್ತದೆ: ಕೋಟೂ ಗಟ್ಟಿಯಾಗದು, ಇಳಿದವರ ಜೀವಕ್ಕೂ ಅಪಾಯ. ಹಾಲು ಶೇಖರಿಸುವ ಕೋಣೆಯ ಗೋಡೆಗೂ ಇದೇ ಅವಧಿ. ಅರೆಗಟ್ಟಿ ಎಪಾಕ್ಸಿಯನ್ನು ಹುಳಿಹಾಲಿನ ಆಮ್ಲ ಹಳದಿ ಮಾಡಿ ಮೆದುಗೊಳಿಸುತ್ತದೆ.

ರೇಷ್ಮೆ ಹುಳುಮನೆಗೆ ಹೆಚ್ಚು ಎಚ್ಚರ ಬೇಕು. ಹುಳು ರಾಸಾಯನಿಕ ಆವಿಗೆ ಬಹಳ ಸೂಕ್ಷ್ಮ. ಒಂದು ಬೆಳೆ ಇಳಿದು ಮುಂದಿನ ಚಾಕಿ (ಮರಿ ಹುಳು) ತರುವ ನಡುವಿನ ವಾರದಲ್ಲಿ ಗೋಡೆಗೆ ಎಪಾಕ್ಸಿ ಹೊಡೆದು ಮುಗಿಸುವ ಯೋಚನೆ ಬಿಡಿ. ಥಿನ್ನರ್ ಇಲ್ಲದ ಅಥವಾ ನೀರಿನ ಎಪಾಕ್ಸಿ ಆರಿಸಿ, ಒಂದು ಬೆಳೆಯನ್ನೇ ಬಿಟ್ಟು, ಕಿಟಕಿ ತೆರೆದಿಟ್ಟು ಪೂರ್ತಿ ಗಟ್ಟಿಯಾಗಲು ಬಿಡಿ. ಅಸಿಟೋನ್ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಶೇ 2ರ ಬ್ಲೀಚಿಂಗ್ ಪೌಡರ್, ಶೇ 0.3ರ ಸುಣ್ಣದ ತಿಳಿಯ ಸೋಂಕು ನಿವಾರಣೆ. ಮೊದಲೇ ಸಿಂಪಡಿಸಿದರೆ ಮೇಲ್ಮೈ ಬಣ್ಣಗೆಡುತ್ತದೆ. ಕೊನೆಗೆ ಕೋಣೆಯನ್ನು ಒಂದು ರಾತ್ರಿ ಪೂರ್ತಿ ಮುಚ್ಚಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ವಾಸನೆ ನೋಡಿ. ಥಿನ್ನರ್ ಅಥವಾ ಹಾರ್ಡನರ್ ವಾಸನೆ ಸ್ವಲ್ಪ ಬಂದರೂ ಇನ್ನೊಂದು ವಾರ ಗಾಳಿಯಾಡಿಸಿ ಮತ್ತೆ ಇದೇ ಪರೀಕ್ಷೆ ಮಾಡಿ.